ನನ್ನ ಬೇಸ್ ಗಿಟಾರಿನ ಯಜಮಾನರು

ನನ್ನ ಕೈಯಲ್ಲಿ ಯಾವುದಾದರೂ ದೊಡ್ಡ ಸಾಮಾನು ಕಂಡರೆ ಸಾಕು, ಮಂದಿ ನನ್ನ ಹಿಂದೆ ಯಾರು ಬರುತ್ತಿದ್ದಾರೆ ಅಂತ ನೋಡುತ್ತಾರೆ. ಗ್ಯಾಸ್ ಸಿಲಿಂಡರ್ ಎತ್ತಿದರೂ ಹಾಗೇ, ಕೆಟ್ಟ ಸ್ಕೂಟಿ ತಳ್ಳಿದರೂ ಹಾಗೇ. ಮೊದಲು ಸಿಟ್ಟು ಬರುತ್ತಿತ್ತು. ಈಗ ನಾನೂ ಒಮ್ಮೆ ತಿರುಗಿ ನೋಡುತ್ತೇನೆ, ಯಾರಾದರೂ ಬಂದಿದ್ದರೆ ಅರ್ಧ ಭಾರ ಅವರಿಗೆ ಕೊಡೋಣ ಅಂತ.

ನಾನು ಗೋಕಾಕದ ಒಂದು ಕಚೇರಿಯಲ್ಲಿ ಕ್ಲರ್ಕು. ರಜೆಯ ದಿನ ನಮ್ಮ ಸಮಾಜದ ಹಾಡಿನ ತಂಡದಲ್ಲಿ ಬೇಸ್ ಗಿಟಾರ್ ಬಾರಿಸುತ್ತೇನೆ. ನಾಲ್ಕೇ ದಪ್ಪ ತಂತಿ, ದಪ್ಪ ದನಿ. ಅದು ಇದ್ದಾಗ ಯಾರೂ ಗಮನಿಸುವುದಿಲ್ಲ. ಇಲ್ಲದಾಗ ಹಾಡು ಯಾಕೋ ಸಪ್ಪಗಾಯಿತಲ್ಲ ಅನ್ನುತ್ತಾರೆ. ಮದುವೆಗಿಂತ ಮೊದಲೇ ಸೋದರಮಾವ ಕಲಿಸಿದ ವಿದ್ಯೆ. ಗಿಟಾರೂ ಅವನದೇ. ಸಾಯುವ ಮುಂಚೆ ತನ್ನ ಮಗನಿಗೆ ಮನೆ ಕೊಟ್ಟ, ನನಗೆ ಇದನ್ನು ಕೊಟ್ಟ. ನನಗೇ ಹೆಚ್ಚು ಕೊಟ್ಟ ಅಂತ ನಾನು ಇವತ್ತಿಗೂ ತಿಳಿದಿದ್ದೇನೆ.

ಅದು ಒಡೆದು, ಮತ್ತೆ ಕೂಡಿದ ಕತೆ ಇದು.

೧. ಸ್ಪೀಕರಿಗೆ ಏನೂ ಆಗಲಿಲ್ಲ

ಮೂಡಲಗಿಯಲ್ಲಿ ಕಾರ್ಯಕ್ರಮ ಮುಗಿಸಿ ಟೆಂಪೋದಲ್ಲಿ ಬರುತ್ತಿದ್ದೆವು. ಒಂದು ತಿರುವಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನನ್ನೆತ್ತರದ ಸ್ಪೀಕರ್ ಡಬ್ಬಿ ಸೀದಾ ನನ್ನ ಗಿಟಾರಿನ ಮೇಲೆ ಬಿತ್ತು. ಚಟ್ ಅಂದಿತು. ತಂಡದವರೆಲ್ಲ ಅಯ್ಯಯ್ಯೋ ಅಂತ ಧಾವಿಸಿ ಸ್ಪೀಕರನ್ನು ಎಬ್ಬಿಸಿದರು, ಒರೆಸಿದರು, ತಟ್ಟಿ ನೋಡಿದರು.

"ಏನೂ ಆಗಿಲ್ರಿ. ನಮ್ಮ ನಸೀಬ ಚಲೋ ಐತಿ" ಅಂದ ಒಬ್ಬ.

ನಾನು ಚೀಲ ಬಿಚ್ಚಿದೆ. ಕುತ್ತಿಗೆ ಕೂಡುವ ಮೂಲೆಯಲ್ಲಿ ಮರ ಸೀಳಿತ್ತು. ತಂತಿ ಕಟ್ಟುವ ಬ್ರಿಜ್ ಸೊಟ್ಟಾಗಿತ್ತು. ಮೇಲಿನ ಪ್ಲೇಟು ಮೂರು ತುಂಡು. ಕಣ್ಣಲ್ಲಿ ನೀರು ಬಂತು.

ನಮ್ಮ ತಂಡದ ಮುಖ್ಯಸ್ಥರು ಕೀಬೋರ್ಡ್ ಬಾರಿಸುತ್ತಾರೆ. ಸಮಾಧಾನ ಮಾಡಲು ಹತ್ತಿರ ಬಂದರು. "ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ಬೇಸ್ ನಾನು ಕೀಬೋರ್ಡಿನ್ಯಾಗ ಎಡಗೈಲೆ ಒತ್ತತೇನಿ. ಬುದ್ಧ ಪೂರ್ಣಿಮಾಕ್ಕ ಹುಕ್ಕೇರ್ಯಾಗ ಪ್ರೋಗ್ರಾಮ್ ಐತಿ. ಅಷ್ಟರಾಗ ರಿಪೇರಿ ಆದ್ರ ಬಾರಸ್ರಿ. ಇಲ್ಲಾಂದ್ರ ಇನ್ನ ಮ್ಯಾಲ ಕೋರಸ್‌ನ್ಯಾಗ ನಿಂತು ಚಪ್ಪಾಳಿ ಹೊಡೀರಿ."

ನಾನು ಹನ್ನೊಂದು ವರ್ಷ ಬಾರಿಸಿದ್ದನ್ನು ಅವರ ಎಡಗೈ ಒಂದು ನಿಮಿಷದಲ್ಲಿ ಕಲಿತುಬಿಟ್ಟಿತ್ತು.

೨. ಗುಲಾಬಿ

ಗೋಕಾಕದಲ್ಲಿ ಮರದ ಗೊಂಬೆ ಮಾಡುವ ಒಬ್ಬ ಕಾಕಾ ಇದ್ದಾರೆ. ಅವರು ಮಾಡಿದ ಬಾಳೆಹಣ್ಣನ್ನು ಸುಲಿಯಲು ಹೋದವರಿದ್ದಾರೆ, ಅಷ್ಟು ಒಳ್ಳೆಯ ಕೈ. ಗಿಟಾರ್ ಒಯ್ದು ಮುಂದಿಟ್ಟೆ. ಸೀಳಿನ ಮೇಲೆ ಬೆರಳಾಡಿಸಿ, "ಇದು ಸೂಕ್ಷ್ಮ ಕೆಲಸೈತಿ. ನಿಮ್ಮ ಮನಿಯವರನ್ನ ಕರಕೊಂಡ ಬರ್ರಿ, ಅವರಿಗೆ ತಿಳಿಸಿ ಹೇಳ್ತೇನಿ" ಅಂದರು.

"ಕಾಕಾ, ನನಗ ಹೇಳ್ರಿ. ಬಾರಸಾಕಿ ನಾನು."

"ಹೌದ್ರಿ ಹೌದ್ರಿ. ಆದ್ರೂ ಕರಕೊಂಡ ಬರ್ರಿ."

ನಮ್ಮ ಮನೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಮೊಳೆ ಯಾವುದು, ಸ್ಕ್ರೂ ಯಾವುದು ಅಂತ ಇನ್ನೂ ನನ್ನನ್ನೇ ಕೇಳುವ ಮನುಷ್ಯ. ಆದರೂ ಬಂದರು. ಕಾಕಾ ಅವರನ್ನು ಕೂಡಿಸಿಕೊಂಡು ಅರ್ಧ ಗಂಟೆ ಹೇಳಿದರು: ಸೀಳಿದ ಮೂಲೆ ಕತ್ತರಿಸಿ ತೆಗೆಯಬೇಕು, ಸಾಗವಾನಿ ತುಂಡು ಕೂಡಿಸಬೇಕು, ಮರದ ಎಳೆ ಇಂಥ ದಿಕ್ಕಿಗೇ ಇರಬೇಕು, ಅಂಟು ಹಾಕಿ ಎರಡು ದಿನ ಬಿಗಿದಿಡಬೇಕು. ನಮ್ಮವರು ಪ್ರತಿ ಮಾತಿಗೂ ಗಂಭೀರವಾಗಿ ತಲೆಯಾಡಿಸಿದರು. ಅಂಗಡಿ ದಾಟಿದ ಮೇಲೆ ಮೆಲ್ಲಗೆ ಕೇಳಿದರು, "ಅವರು ಏನಂದ್ರು?"

ವಾರ ಬಿಟ್ಟು ಹೋದೆ. ಜೋಡಣೆ ಎಲ್ಲಿ ಅಂತ ಹುಡುಕಿದರೂ ಸಿಗದಷ್ಟು ನಯ. ಆದರೆ ಇಡೀ ಗಿಟಾರ್ ಗುಲಾಬಿ ಬಣ್ಣ! ಮಾವನ ಕಾಲದ ಕಂದು ಬಣ್ಣ ಒಂದು ಬೆರಳಷ್ಟೂ ಉಳಿದಿರಲಿಲ್ಲ.

"ಬಾರಸಾಕಿ ನಾನ ಅಂದಿದ್ರೆಲ್ಲಾ, ಅದಕ್ಕ ಹೆಣ್ಮಕ್ಕಳ ಬಣ್ಣ ಹೊಡದೇನಿ" ಅಂದರು ಕಾಕಾ, ಬಲು ಸಂತೋಷದಿಂದ.

ನಾನು ಹೇಳಿದ ಮಾತಿನಲ್ಲಿ ಅವರು ಕಿವಿಗೆ ಹಾಕಿಕೊಂಡದ್ದು ಅದೊಂದೇ. ಮೂರು ಭಾನುವಾರ ಮರಳುಕಾಗದ ಹಿಡಿದು ತಿಕ್ಕಿದೆ.

೩. ನೆಗಡಿಯ ಉಪಕಾರ

ಹೊಸ ಬ್ರಿಜ್ ನಮ್ಮೂರಲ್ಲಿ ಸಿಗುವುದಿಲ್ಲ. ಕೊಲ್ಲಾಪುರದ ಒಂದು ವಾದ್ಯದ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವನಿಗೆ ನಮ್ಮ ಕಡೆಯ ಕನ್ನಡ ಚೆನ್ನಾಗಿ ಬರುತ್ತದೆ.

"ಅಕ್ಕಾರ, ಅಣ್ಣಾರ ಕೈಯಾಗ ಫೋನ್ ಕೊಡ್ರಿ."

"ಅಣ್ಣಾರಿಗೆ ಇದರಾಗಿಂದು ಗೊತ್ತಿಲ್ರಿ. ಬರಕೋರಿ: ನಾಕು ತಂತೀದು." ತೂತಿನಿಂದ ತೂತಿಗೆ ಎಷ್ಟು ಅಂತರ ಅನ್ನುವುದನ್ನು ಎರಡು ಸಲ ಹೇಳಿದೆ.

ಬಂದದ್ದು ಆರು ತಂತಿಯದು. ಮತ್ತೆ ಫೋನ್ ಮಾಡಿದೆ. "ಗಿಟಾರಿಗೆ ಆರ ತಂತಿ ಇರ್ತಾವ್ರಿ. ಗಡಬಡದಾಗ ತಪ್ಪಿ ಹೇಳಿರಬೇಕಂತ ನಾನ ಸುಧಾರ್ಸಿ ಕಳಿಸೇನಿ" ಅಂದ. ವಾಪಸು ಕಳಿಸಿದೆ. ಮತ್ತೂ ಆರು ತಂತಿಯದೇ ಬಂತು.

ಅಷ್ಟರಲ್ಲಿ ನನಗೆ ಜೋರು ನೆಗಡಿ. ಗಂಟಲು ಕಟ್ಟಿ ದನಿ ಪಾತಾಳಕ್ಕೆ ಇಳಿದಿತ್ತು. ಆ ದನಿಯಲ್ಲೇ ಫೋನ್ ಮಾಡಿದೆ, ಅದೇ ಅಳತೆ ಹೇಳಿದೆ, ಮೇಲಿನ ಪ್ಲೇಟೂ ಬೇಕು ಅಂದೆ.

"ಹಾಂ, ಬೇಸ್ ಗಿಟಾರಿಂದು! ಈಗ ತಿಳೀತು ನೋಡ್ರಿ ಸರ್. ಎರಡು ಸರ್ತಿ ನಿಮ್ಮ ಮನಿಯವ್ರು ಫೋನ್ ಮಾಡಿ ಏನೇನೋ ಹೇಳಿದ್ರು."

ಮೂರನೇ ದಿನಕ್ಕೆ ಸರಿಯಾದ ಬ್ರಿಜ್ ಬಂತು, ಜೊತೆಗೆ ಪ್ಲೇಟೂ ಬಂತು. ನೆಗಡಿ ಇನ್ನೊಂದು ವಾರ ಇದ್ದಿದ್ದರೆ ಹೊಸ ತಂತಿಗಳನ್ನೂ ತರಿಸಿಬಿಡುತ್ತಿದ್ದೆ.

೪. ಬಸ್ಸಿನಲ್ಲಿ

ಬ್ರಿಜ್ ಕೂಡಿಸಲು ಮರಕ್ಕೆ ನೆಟ್ಟಗೆ ತೂತು ಹಾಕಬೇಕು. ಮಾವನ ಮಗನ ವರ್ಕ್‌ಶಾಪ್ ಮೂಡಲಗಿಯಲ್ಲಿದೆ, ಅಲ್ಲಿ ಡ್ರಿಲ್ ಮಷೀನ್ ಉಂಟು. ಕುತ್ತಿಗೆ ಬಿಚ್ಚಿ, ಬರೀ ಬಾಡಿಯನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಅರಭಾವಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಬಾಜೂ ಕುಳಿತು ಸೀರೆ ಸರಿಸಿ ನೋಡಿದಳು.

"ಚಪಾತಿ ಮಣಿ ಭಾಳ ಚಲೋ ಐತಲ್ಲವಾ. ಎಲ್ಲಿ ತಗೊಂಡಿ?"

"ಮಣಿ ಅಲ್ಲಬೇ, ಇದು ವಾದ್ಯ. ನಾನು ಬಾರಸ್ತೇನಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಸ್ಸು ಎರಡು ಊರು ದಾಟುವವರೆಗೆ ಯೋಚಿಸಿದಳು. ಆಮೇಲೆ ನಿಜವಾದ ಕಾಳಜಿಯಿಂದ ಕೇಳಿದಳು, "ಹಂಗಾರ ಚಪಾತಿ ಎದರ ಮ್ಯಾಲ ಲಟ್ಟಸ್ತೀ?"

೫. ಸನ್ಮಾನ

ಕೊನೆಯ ಕೆಲಸ ಒಳಗೆ ಕಿತ್ತುಹೋಗಿದ್ದ ವೈರಿನದು. ಅಡಿಗೆಮನೆಯ ಕಟ್ಟೆಯ ಮೇಲೆ ಬೆಸುಗೆ ಹಾಕಿದೆ, ಎರಡು ಸಲ ಬೆರಳು ಸುಟ್ಟುಕೊಂಡೆ. ತಂತಿ ಬಿಗಿದು, ಮನೆಯ ಸಣ್ಣ ಸ್ಪೀಕರಿಗೆ ಹಚ್ಚಿ ಮೊದಲ ಸಲ ಮೀಟಿದಾಗ ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಿಗಳೆಲ್ಲ ಝಂ ಅಂದವು. ಮಾವ ಹೋದ ಮೇಲೆ ನಾನು ಅಷ್ಟು ಅತ್ತದ್ದು ಅವತ್ತೇ.

ಬುದ್ಧ ಪೂರ್ಣಿಮೆಯ ಸಂಜೆ ಹುಕ್ಕೇರಿಯಲ್ಲಿ ಬಾರಿಸಿದೆ. ಎರಡನೇ ಹಾಡಿಗೆ ಮುಖ್ಯಸ್ಥರ ಎಡಗೈ ತಾನಾಗಿಯೇ ಮಡಿಲಿಗೆ ಇಳಿಯಿತು. ನನಗೆ ಅಷ್ಟೇ ಸಾಕಾಗಿತ್ತು. ಆದರೆ ಹಾಡು ಮುಗಿದ ಕೂಡಲೇ ನಿರೂಪಕರು ಮೈಕ್ ಹಿಡಿದರು.

"ಬಂಧುಗಳೇ, ಈ ಗಿಟಾರ್ ಒಡೆದು ಚೂರಾಗಿತ್ತು. ಅದನ್ನು ತಮ್ಮ ಕೈಯಾರೆ ರಿಪೇರಿ ಮಾಡಿ, ಹೆಂಡತಿಯ ಕಲೆಯನ್ನು ಉಳಿಸಿದ ಮಾಸ್ತರರಿಗೆ ಈಗ ಸನ್ಮಾನ!"

ಮುಂದಿನ ಸಾಲಿನಲ್ಲಿ ಕುಳಿತ ನಮ್ಮವರು ಗಾಬರಿಯಾಗಿ ನನ್ನ ಕಡೆ ನೋಡಿದರು. ಇಬ್ಬರು ಬಂದು ರಟ್ಟೆ ಹಿಡಿದು ವೇದಿಕೆಗೆ ತಂದರು. ಶಾಲು ಹೊದಿಸಿದರು, ಹಾರ ಹಾಕಿದರು. ನಮ್ಮವರು ಪ್ರಾಮಾಣಿಕರು, ಅದರಲ್ಲಿ ಎರಡು ಮಾತಿಲ್ಲ. ಮೈಕ್ ಇಸಿದುಕೊಂಡು ಹೇಳಿದರು, "ಖರೇ ಹೇಳ್ತೇನ್ರಿ, ನಾ ಏನೂ ಮಾಡಿಲ್ಲ. ಎಲ್ಲಾ ಇಕೀನ ಮಾಡ್ಯಾಳ."

ಜನ ಚಪ್ಪಾಳೆ ಹೊಡೆದರು.

"ನೋಡ್ರಿ, ಎಂಥಾ ವಿನಯ!" ಅಂದರು ನಿರೂಪಕರು.

"ವಿನಯ ಅಲ್ರಿ! ನನಗ ಸ್ಕ್ರೂ ತಿರವಾಕೂ ಬರೂದಿಲ್ಲ!"

ಚಪ್ಪಾಳೆ ಇಮ್ಮಡಿಯಾಯಿತು. ಹೆಂಡತಿಗೆ ಇಷ್ಟು ಗೌರವ ಕೊಡುವ ಗಂಡ ಅಪರೂಪ ಅಂತ ಇನ್ನೊಂದು ಹಾರ ತರಿಸಿದರು. ನಾನು ಗಿಟಾರ್ ಕೊರಳಿಗೆ ಹಾಕಿಕೊಂಡು ಹಿಂದೆ ನಿಂತಿದ್ದೆ. ಫೋಟೋದವನು "ಅಕ್ಕಾರ, ಒಂಚೂರು ಬಾಜೂ ಸರೀರಿ" ಅಂದ. ಸರಿದೆ.

ಸೋಮವಾರ ಸಂಜೆ ಹುಕ್ಕೇರಿ ಕಡೆಯ ಒಬ್ಬ ಹಿರಿಯರು ನಮ್ಮ ಮನೆ ಹುಡುಕಿಕೊಂಡು ಬಂದರು. ಕಂಕುಳಲ್ಲಿ ಕೆಟ್ಟ ಮಿಕ್ಸರ್.

"ಸರ್ ಅದಾರೇನ್ರಿ?"

"ಪ್ಯಾಟಿಯಿಂದ ಇನ್ನೂ ಬಂದಿಲ್ಲ. ಕೊಡ್ರಿ, ನಾ ನೋಡ್ತೇನಿ."

"ಬ್ಯಾಡ್ರಿ, ಸರ್ ಬರೂತನಾ ಕುಂದರ್ತೇನಿ."

ಕುಳಿತರು. ಚಹಾ ಕೊಟ್ಟೆ. ನಮ್ಮವರು ಬಂದರು, ತಮಗೆ ಬರುವುದಿಲ್ಲ ಅಂತ ಕೈಮುಗಿದು ಹೇಳಿದರು. ಹಿರಿಯರು ಇನ್ನಷ್ಟು ಭಕ್ತಿಯಿಂದ ಮಿಕ್ಸರನ್ನು ಅವರ ಮಡಿಲಲ್ಲಿ ಇಟ್ಟರು. ನಮ್ಮವರು ಅದನ್ನು ಒಳಗೆ ತಂದು ನನ್ನ ಮುಂದೆ ಇಟ್ಟು, ಗೋಡೆಗೆ ಒರಗಿ ನಿಂತರು. ಒಂದು ವೈರ್ ಬಿಟ್ಟಿತ್ತು, ಅಷ್ಟೇ. ಬೆಸುಗೆ ಹಾಕಿ, ತಿರುಗಿಸಿ ನೋಡಿ, ನಾನೇ ಹೊರಗೆ ಒಯ್ದು ಕೊಟ್ಟೆ. ಕೈಯಲ್ಲಿ ಇನ್ನೂ ಸ್ಕ್ರೂಡ್ರೈವರ್ ಇತ್ತು.

ಹಿರಿಯರು ಮಿಕ್ಸರ್ ಶಬ್ದ ಕೇಳಿ ಕಣ್ಣರಳಿಸಿದರು. "ಸರ್ ಕೈಗುಣಾನ ಬ್ಯಾರೆ!" ಅಂದರು. ಚಪ್ಪಲಿ ಮೆಟ್ಟುವಾಗ ನನ್ನ ಕಡೆ ತಿರುಗಿ, ಮಗಳಿಗೆ ಬುದ್ಧಿ ಹೇಳುವ ಪ್ರೀತಿಯಿಂದ ಅಂದರು:

"ಅಲ್ಲವಾ, ಇಂಥಾವ್ರು ಮನ್ಯಾಗ ಅದಾರ. ನೀನೂ ನೋಡಿ ನೋಡಿ ಒಂಚೂರು ಕಲಿಬಾರದಾ?"