ಜೇಡ ಹೊಡೆಯುವ ಕೆಲಸ

ನಗೆಪಾಟಲಿನ ಸಂಗತಿಗಳು ನಗುವ ಮನಸ್ಸಿಲ್ಲದವನನ್ನೇ ಹುಡುಕಿಕೊಂಡು ಬರುತ್ತವೆ. ದೊಮ್ಮಲೂರಿನ ಪುಟ್ಟ ಆಫೀಸೊಂದರಲ್ಲಿ ಎರಡು ವರ್ಷ ನನ್ನ ಕೆಲಸ ಜೇಡ ಹೊಡೆಯುವುದಾಗಿತ್ತು. ಅದೊಂದು ಮೊಬೈಲ್ ಆಟ. ಪರದೆಯ ಮೇಲೆ ಒಂದು ಮನೆ; ಗೋಡೆಯಲ್ಲಿ, ಬೀರುವಿನ ಹಿಂದೆ, ಅಕ್ಕಿ ಡಬ್ಬದ ಪಕ್ಕ ಜೇಡಗಳು. ಬೆರಳಿಟ್ಟರೆ ಚಪ್ಪಲಿ ಬೀಳುತ್ತದೆ. ಹೊಡೆಯದೆ ಬಿಟ್ಟರೆ ಮರಿ ಹಾಕುತ್ತವೆ. ದಿನವಿಡೀ ಹೊಡೆದು ಆಟದಲ್ಲಿನ ತಪ್ಪು ಹುಡುಕುವವನು ನಾನು. ವಯಸ್ಸು ನಲವತ್ತಾರು. ಇದೂ ಹೋದರೆ ನನ್ನನ್ನು ಕರೆಯುವವರು ಯಾರೂ ಇಲ್ಲವೆಂದು ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

ಮೇಲಿನ ಮನೆಯ ಅಟ್ಟ

ಹಲಸೂರಿನಲ್ಲಿ ನಮ್ಮ ಮೇಲಿನ ಮನೆಯಾಕೆ ಒಮ್ಮೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು: "ನೀವು ಏನ್ ಕೆಲ್ಸ ಮಾಡ್ತೀರಾ?"

"ಜೇಡ ಹೊಡೀತೀನಿ ರೀ, ಒಂದು ಕಂಪನೀಲಿ."

ಸುಲಭವಾಗಿ ಅರ್ಥವಾಗಲೆಂದು ಹಾಗೆ ಹೇಳಿದ್ದೇ ತಪ್ಪಾಯಿತು.

"ಹೌದಾ? ಭಾನುವಾರ ಬನ್ನಿ ಹಾಗಾದ್ರೆ. ನಮ್ಮ ಅಟ್ಟದಲ್ಲಿ ತುಂಬ್ಕೊಂಡ್ಬಿಟ್ಟಿದೆ. ಔಷಧಿ ನೀವೇ ತರ್ತೀರಲ್ವಾ?"

ಬಿಡಿಸಿ ಹೇಳಬಹುದಿತ್ತು. ಆದರೆ ಆ ವಾರವೇ ಆಫೀಸಿನಲ್ಲಿ ಇಬ್ಬರನ್ನು ಮನೆಗೆ ಕಳಿಸಿದ್ದರು. ಮುಂದಕ್ಕೆ ಅನುಭವವಾದರೂ ಇರಲಿ ಎಂದು ಪೊರಕೆ ಹಿಡಿದು ಹೋದೆ.

ಹೊಡೆತದ ಸದ್ದು

ಆಟ ಕಟ್ಟುತ್ತಿದ್ದ ಮೊದಲ ದಿನಗಳಲ್ಲಿ, ಚಪ್ಪಲಿ ಬೀಳುವ ಸದ್ದು ಅಸಲಿಯಾಗಿರಬೇಕೆಂದು ಬಾಸ್ ಹಟ ಹಿಡಿದಿದ್ದರು. ಒಂದು ಮಧ್ಯಾಹ್ನವೆಲ್ಲ ಹವಾಯಿ ಚಪ್ಪಲಿಯಿಂದ ನಾನು ಗೋಡೆಗೆ ಬಾರಿಸಿದೆ, ಅವರು ರೆಕಾರ್ಡ್ ಮಾಡಿದರು. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಡಾಕ್ಟರು ಕೈಗವಸಿನಲ್ಲೇ ಮೇಲೆ ಬಂದರು.

"ಯಾರಿಗ್ರೀ ಹೊಡೀತಿದೀರಾ? ಪೇಷೆಂಟು ಅರ್ಧ ಬಾಯಿ ತೆಗ್ದವ್ರು ಎದ್ದು ಹೋದ್ರು."

"ಜೇಡಕ್ಕೆ ಸಾರ್," ಎಂದರು ಬಾಸ್.

ಡಾಕ್ಟರು ಖಾಲಿ ಗೋಡೆ ನೋಡಿದರು. "ಎಲ್ಲಿದೆ ಜೇಡ?"

"ಅದು ಮುಂದಿನ ವಾರ ರೆಡಿಯಾಗತ್ತೆ ಸಾರ್. ಸದ್ಯಕ್ಕೆ ಹೊಡೆತ ಮಾತ್ರ ಆಗಿದೆ."

ಬಿಡದೆ ಆಡಿದವರು

ಕೊನೆಗೆ ದುಡ್ಡು ಹಾಕಿದವರು ಮಾತು ಮುಗಿಸಿದರು: ಒಂದು ತಿಂಗಳಲ್ಲಿ ಜನ ಬಿಡದೆ ಆಡಬೇಕು, ಇಲ್ಲದಿದ್ದರೆ ಆಫೀಸಿಗೆ ಬೀಗ. ನಾವೆಲ್ಲ ನಮ್ಮ ನಮ್ಮ ಮನೆಯವರ ಫೋನಿಗೆ ಆಟ ಹಾಕಿಕೊಟ್ಟೆವು. ನನ್ನ ಹೆಂಡತಿ ಹತ್ತು ನಿಮಿಷ ಆಡಿ, "ಮೊದ್ಲು ಬಚ್ಚಲಮನೆ ಮೂಲೇದು ತೆಗೀರಿ" ಎಂದು ಫೋನು ಕೆಳಗಿಟ್ಟಳು. ಎಲ್ಲರ ಮನೆಯಲ್ಲೂ ಇದೇ ಕಥೆ.

ಒಬ್ಬರು ಮಾತ್ರ ದಿನಾ ಗಂಟೆಗಟ್ಟಲೆ ಆಟ ತೆರೆದಿಟ್ಟಿರುತ್ತಿದ್ದರು. ಎಷ್ಟು ಹೊತ್ತು ಎಂಬುದಷ್ಟೇ ನಮಗೆ ಆಫೀಸಿನಲ್ಲಿ ಕಾಣುತ್ತಿತ್ತು. ಜೇಡಗಳ ಚಿತ್ರ ಬರೆಯುತ್ತಿದ್ದ ನಮ್ಮ ಸಹೋದ್ಯೋಗಿ ಹುಡುಗಿಯ ತಾಯಿ ಅವರು, ಶಿವಾಜಿನಗರದವರು. ಬಾಸ್ ಕಣ್ಣಲ್ಲಿ ನೀರು ಬಂತು. "ಹೋಗಿ ನೋಡ್ಕೊಂಡ್ ಬನ್ನಿ, ಅವ್ರಿಗೆ ಏನು ಹಿಡಿಸ್ತು ಅಂತ. ಅದನ್ನೇ ಎಲ್ರಿಗೂ ಕೊಡೋಣ."

ಹೋದೆ. ಆಕೆ ಚಹಾ ಕೊಟ್ಟು, ಫೋನು ಹಿಡಿದು ಕೂತರು. ಪರದೆಯ ತುಂಬ ಜೇಡ, ಗೋಡೆಯೇ ಕಾಣದು. ಅಂಕ ಸೊನ್ನೆ.

"ಅಮ್ಮಾ, ಹೊಡೀರಿ," ಎಂದೆ.

"ನಕೋ ಬೇಟಾ. ಜೇಡ ಹೊಡೀಬಾರ್ದು. ನಮ್ಮ ಪೈಗಂಬರರು ಶತ್ರುಗಳಿಗೆ ಸಿಗದ ಹಾಗೆ ಗುಹೇಲಿ ಅಡಗಿದ್ದಾಗ ಬಾಗಿಲಿಗೆ ಬಲೆ ಕಟ್ಟಿ ಕಾಪಾಡಿದ್ದು ಅದೇ."

"ಮತ್ತೆ ದಿನಾ ಇಷ್ಟು ಹೊತ್ತು ಏನ್ ಮಾಡ್ತೀರಾ?"

"ಫೋನು ನನ್ ಕೈಲಿದ್ರೆ ಮನೇಲಿ ಬೇರೆ ಯಾರೂ ಹೊಡೆಯೋಕಾಗಲ್ವಲ್ಲ."

ಆಕೆಯ ಮಗಳು ನೆಲ ನೋಡುತ್ತಿದ್ದಳು. ಆದರೂ ವರದಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ಬರೆದೆ. ತಿಂಗಳು ತುಂಬಿದ ದಿನ ಬಾಗಿಲು ಹಾಕುವ ಮಾತು ಬಂತು.

ಹುಡುಗಿ ಮನೆಗೆ ಹೋಗಿ ಆಟ ನಿಂತುಹೋಯಿತೆಂದು ಅಮ್ಮಿಗೆ ಹೇಳಿದಳು. ಮಾರನೆಯ ದಿನ ನಾವು ಮೇಜು ಖಾಲಿ ಮಾಡುತ್ತಿದ್ದಾಗ ದೊಡ್ಡದೊಂದು ಪಾತ್ರೆ ಫಿರ್ನಿ ತಂದಳು. ನಾನು ಬಂದು ನೋಡಿ ಹೋದ ಮೇಲೆ ಬಾಸ್ ಮನಸ್ಸು ಕರಗಿ, ಇನ್ನು ಜೇಡ ಕೊಲ್ಲುವುದೇ ಬೇಡವೆಂದು ತೀರ್ಮಾನಿಸಿದರೆಂದೇ ಆಕೆ ತಿಳಿದಿದ್ದರಂತೆ. ಅಷ್ಟು ಒಳ್ಳೆಯ ಮನುಷ್ಯರ ಬಾಯಿ ಸಿಹಿ ಮಾಡಲೇಬೇಕೆಂದು ಬೆಳಗ್ಗೆ ಬೇಗನೆ ಎದ್ದು ಮಾಡಿದ್ದರಂತೆ.

ಕೆಲಸ ಕಳೆದುಕೊಂಡ ನಾವು ಒಂಬತ್ತು ಜನ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ಫಿರ್ನಿ ತಿಂದೆವು. ಈ ಆಟ ಶುರುವಾದಾಗಿನಿಂದ ತನ್ನನ್ನು ಒಳ್ಳೆಯವನು ಅಂದದ್ದು ಆಕೆಯೊಬ್ಬರೇ ಎಂದು ಹೇಳಿ ಬಾಸ್ ಎರಡನೇ ಸಲ ಹಾಕಿಸಿಕೊಂಡರು.