ಬೈಗುಳದಲ್ಲಿ ಸಮಪಾಲು ಕೋರಿ

ಇಂದ:
ತಮ್ಮ ಯಜಮಾನರು,
ನಿವೃತ್ತ ಸೈನಿಕ (ಉಗ್ರಾಣ ವಿಭಾಗ),
ಹಾಲಿ ವಾಸ: ಕಿಟಕಿ ಪಕ್ಕದ ಕುರ್ಚಿ.

ಗೆ:
ಮನೆಯೊಡತಿಯವರು ಹಾಗೂ ಹೊಲಿಗೆ ಅಂಗಡಿಯ ಮಾಲೀಕರು,
ಕೇಂದ್ರ ಕಚೇರಿ, ಅಡುಗೆಮನೆ.

ವಿಷಯ: ಮನೆಯ ಇತರರಂತೆ ನನ್ನನ್ನೂ ಬೈಯುವ ಬಗ್ಗೆ.

ಉಲ್ಲೇಖ: ನಿವೃತ್ತ ಸೈನಿಕರ ನೆರವಿನ ಕಚೇರಿಯವರು ತಮಗೆ ಕೊಟ್ಟ ‘ಮರಳಿ ಬಂದ ಯೋಧನೊಂದಿಗೆ ಬಾಳುವುದು ಹೇಗೆ?’ ಎಂಬ ಕಿರುಹೊತ್ತಿಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೆಳಗೆ ಸಹಿ ಮಾಡಿರುವ ನಾನು ಬೇಸತ್ತು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಹೊತ್ತಿಗೆಯಲ್ಲಿ ಎದುರಾಡಬೇಡಿ, ದನಿ ಏರಿಸಬೇಡಿ, ದಿಢೀರ್ ಸದ್ದು ಮಾಡಬೇಡಿ ಎಂದಿದೆಯಂತೆ. ಆ ಕಾರಣ ತಾವು ಕುಕ್ಕರನ್ನು ಪಕ್ಕದ ಮನೆಗೆ ಒಯ್ದು ಕೂಗಿಸಿಕೊಂಡು ಬರುತ್ತಿದ್ದೀರಿ. ಗುಂಡಿನ ಸದ್ದಿನ ನಡುವೆ ಬಾಳಿ ಬಂದವರಿಗೆ ಇದೆಲ್ಲ ಬೇಕೇ ಬೇಕು, ಬರೆದವರು ಪುಣ್ಯಾತ್ಮರು. ಆದರೆ ನಾನು ಸೇವೆಯುದ್ದಕ್ಕೂ ಕಂಬಳಿ, ಕಾಲುಚೀಲ ಹಂಚಿದವನು. ನನ್ನ ಮೇಲೆ ಬಿದ್ದದ್ದು ಒಮ್ಮೆ ಬೂಟಿನ ಪೆಟ್ಟಿಗೆ ಮಾತ್ರ.

೨. ಮಗಳು ನನ್ನೊಡನೆ ಕೇರಂ ಆಡಿ ಬೇಕೆಂದೇ ಸೋಲುತ್ತಾಳೆ. ಮೊನ್ನೆ ತೂತಿನ ಬಾಯಲ್ಲೇ ಕೂತಿದ್ದ ಕೆಂಪು ಕಾಯನ್ನು ಬಿಟ್ಟು ಎಲ್ಲಿಗೋ ಹೊಡೆದಳು. ಕೇಳಿದರೆ, “ನೀನೇ ಚೆನ್ನಾಗಿ ಆಡ್ತೀಯಪ್ಪ” ಎಂದಳು. ನಾನು ಆಡುವುದನ್ನು ನಾನೇ ನೋಡಿದ್ದೇನೆ.

೩. ಪರೀಕ್ಷಾರ್ಥವಾಗಿ ತಮ್ಮ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದೆ. ತಾವು ಮುಖ ಹಿಂಡಿಕೊಂಡು ನುಂಗಿ, “ಚೆನ್ನಾಗಿದೆ ರೀ. ನಿಮಗ್ಯಾಕೆ ಇದೆಲ್ಲ, ಹೋಗಿ ಕೂತ್ಕೊಳ್ಳಿ” ಎಂದಿರಿ. ಆದ್ದರಿಂದ ಮರುದಿನ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದೆ. ತಾವು ತುಟಿಪಿಟಕ್ಕೆನ್ನದೆ ಒಣಹಾಕಿದಿರಿ.

೪. ಅದೇ ಟವೆಲನ್ನು ಅದೇ ಹಾಸಿಗೆಯ ಮೇಲೆ ನನ್ನ ಭಾವಮೈದ ಎಸೆದಾಗ ಮಾತ್ರ, “ಇದೇನು ಮನೆ ಅಂದ್ಕೊಂಡಿದೀಯೋ, ಛತ್ರ ಅಂದ್ಕೊಂಡಿದೀಯೋ? ಹೇಳಿ ಹೇಳಿ ನನ್ನ ಬಾಯಿ ನೋಯ್ತು” ಎಂದಿರಿ. “ನೋಯ್ಲಿ ಬಿಡಕ್ಕ, ಸ್ವಲ್ಪ ರೆಸ್ಟ್ ಆದ್ರೂ ಸಿಗುತ್ತೆ” ಎಂದ ಅವನು. ಮಗಳೂ ಸೇರಿ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಾನೂ ನಗೋಣವೆಂದು ಒಳಗೆ ಬಂದೆ. ನಗು ನಿಂತಿತು. ಮಗಳು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟಳು.

ಮಾನ್ಯರೇ, ಆ ಕುರ್ಚಿಯಲ್ಲಿ ಕೂತಾಗ ನನಗೆ ಅಳು ಬಂತು. ರಜೆಗೆ ಬರುತ್ತಿದ್ದಾಗ ನಾನು ಅತಿಥಿ, ಒಪ್ಪುತ್ತೇನೆ. ಈಗ ಹಿಂತಿರುಗಿ ಹೋಗಲು ನನಗೆ ಜಾಗವಿಲ್ಲ, ಇರುವುದು ಇದೊಂದೇ ಮನೆ.

ಆದ್ದರಿಂದ, ಸದರಿ ಕಾರಣಗಳ ಕಾರಣ, ಕುಕ್ಕರನ್ನು ಮನೆಯಲ್ಲೇ ಕೂಗಿಸಬೇಕೆಂದೂ, ಕೇರಂನಲ್ಲಿ ನನ್ನನ್ನು ನಿರ್ದಾಕ್ಷಿಣ್ಯವಾಗಿ ಸೋಲಿಸಬೇಕೆಂದೂ, ಭಾವಮೈದನಿಗೆ ಸಲ್ಲುತ್ತಿರುವ ಬೈಗುಳದಲ್ಲಿ ನನಗೂ ಸಮಪಾಲು ಮಂಜೂರು ಮಾಡಬೇಕೆಂದೂ ಕೋರುತ್ತೇನೆ. ಅರ್ಜಿಯನ್ನು ತಿರಸ್ಕರಿಸುವುದಾದಲ್ಲಿ ದಯವಿಟ್ಟು ಗಟ್ಟಿ ದನಿಯಲ್ಲಿ ತಿರಸ್ಕರಿಸುವುದು.

ಇಷ್ಟಾದರೂ ತಮ್ಮ ವಿಶ್ವಾಸಿ,
(ಸಹಿ)
ಕುರ್ಚಿಯಿಂದ ಎದ್ದು ನಿಂತು ಮಾಡಿದ್ದು.

ಲಗತ್ತುಗಳು:
೧. ತಮ್ಮ ಹೂವಿನ ಚಿತ್ರದ ಚಹಾ ಕಪ್ಪಿನ ಹಿಡಿ. ಉಳಿದ ಭಾಗ ಕಸದ ಬುಟ್ಟಿಯಲ್ಲಿದೆ.
೨. ಒದ್ದೆ ಟವೆಲು. ಈ ಸಲ ತಮ್ಮ ದಿಂಬಿನ ಮೇಲೆ.
೩. ಉಲ್ಲೇಖಿತ ಹೊತ್ತಿಗೆ. ಹೊಲಿಗೆ ಯಂತ್ರದ ಅಲುಗಾಡುವ ಕಾಲಿನಡಿ ಇಡಲಾಗಿದೆ, ಈಗ ಅಲುಗಾಡುವುದಿಲ್ಲ.

ವಿ.ಸೂ.: ಬೇರೆ ಕಾಗದ ಸಿಗದ ಕಾರಣ ತಮ್ಮ ಅಳತೆ ಪುಸ್ತಕದ ಹಾಳೆ ಹರಿದು ಈ ಅರ್ಜಿ ಬರೆಯಲಾಗಿದೆ. ಹಿಂಬದಿಯಲ್ಲಿ ಡಾಕ್ಟರಮ್ಮನ ಕೋಟಿನ ಅಳತೆ ಇತ್ತು. ಶಾಯಿ ಹರಡಿ ಈಗ ಕಾಣುವುದಿಲ್ಲ. ಅವರು ನಾಳೆ ಬರುತ್ತಾರಂತೆ. ಈ ಬಗ್ಗೆ ಭಾವಮೈದನನ್ನು ಬೈಯಬಾರದಾಗಿ ವಿನಂತಿ. ಹರಿದವನು ನಾನು, ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೇನೆ.