ದಾರಿ ಕಾಯುವವನ ಸೌಟು

ಆ ಬೆಳಿಗ್ಗೆ ವಲೆನ್ಸಿಯಾದ ಮೇಲೆ ಪಡುವಣದ ಬಿಸಿಗಾಳಿ ಎದ್ದಿತ್ತು. ಈ ಗಾಳಿ ಬೀಸಿದ ದಿನ ಹೊಸ ಕೆಲಸಕ್ಕೆ ಕೈಹಾಕಬಾರದೆಂದು ನೆಸ್ತೋರನ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಹೇಳುತ್ತಿದ್ದಳು. ನೆಸ್ತೋರನಿಗೆ ಅದು ನೆನಪಾಯಿತು. ಆದರೂ ಕಚೇರಿಯಲ್ಲಿ ಸಹೋದ್ಯೋಗಿ ರೆಮೆಯ್‌ಳ ಮೇಜಿನ ಮುಂದೆ ಕೈಚಾಚಿ ನಿಂತ.

"ಇವತ್ತೊಂದು ದಿನ ಸೌಟು ಕೊಡೇ."

"ಇವತ್ತು ನನ್ನ ಪಾಳಿ ಕಣೋ."

"ಮಧ್ಯಾಹ್ನ ಮ್ಯಾಡ್ರಿಡ್‌ನಿಂದ ಪರೀಕ್ಷಕಿ ಬರ್ತಾರೆ. ನನ್ನ 'ಕಾವಲುಗಾರ' ಪ್ರೋಗ್ರಾಂ ಅವರಿಗೆ ಮೆಚ್ಚುಗೆ ಆಗದಿದ್ರೆ ನನ್ನ ಕೆಲಸ ಹೋಯ್ತು."

ಗುರುವಾರದ ಊಟಕ್ಕೆ ಪಯೇಯಾ ಅನ್ನ ಬಡಿಸುವ ಮರದ ಸೌಟು ಅದು. ಯಾರ ಮೇಜಿನ ಮೇಲಿದೆಯೋ, ನೆಲಮಾಳಿಗೆಯ ದೊಡ್ಡ ಯಂತ್ರದ ದಾರಿಗಳ ಯಜಮಾನಿಕೆ ಆ ದಿನ ಅವರದ್ದು. ಯಂತ್ರದೊಳಗೆ ಸಾವಿರಾರು ಪ್ರೊಸೆಸರ್‌ಗಳು ಒಂದಕ್ಕೊಂದು ಓಲೆ ಕಳಿಸಿಕೊಂಡು ಲೆಕ್ಕ ಮಾಡುತ್ತವೆ. ಎಲ್ಲವೂ ಒಂದೇ ಬಾಗಿಲಿಗೆ ಕಳಿಸಿದವೋ, ಅಲ್ಲಿ ನಿಂತ ಸಾಲು ಬೆಳೆದು ಬೆಳೆದು ಬೇರೆ ಬೀದಿಗೆ ಹೋಗುವ ಓಲೆಯ ದಾರಿಯನ್ನೂ ಕಟ್ಟುತ್ತದೆ. ಆ ಗಂಟು ಬಿಡಿಸುವುದೇ ಇವರ ಹೊಟ್ಟೆಪಾಡು.

"ಕಟ್ಟಿದ ಬಾಗಿಲಿಗೆ ಹೋಗೋ ಓಲೆಗಳನ್ನ ಪಕ್ಕಕ್ಕೆ ನಿಲ್ಲಿಸಿದ್ರೆ ಸಾಕಪ್ಪ, ಉಳಿದವು ಹೋಗ್ತವೆ" ಎಂದಳು ರೆಮೆಯ್. ಅವಳ ಉಪಾಯ ಅಷ್ಟೇ.

"ಆದ್ರೆ ಯಾರು ಯಾಕೆ ನಿಂತ್ರು ಅಂತ ಗೊತ್ತಾಗೋದು ಬೇಡ್ವಾ?"

ನೆಸ್ತೋರನ ಹುಟ್ಟುಗುಣವೇ ಅದು. ಅವನು ಬರೆದ 'ಕಾವಲುಗಾರ'ನಿಗೂ ಅದೇ ಗುಣ ಬಂದಿತ್ತು: ಎಲ್ಲಿ ಕಟ್ಟಿದೆಯೆಂದು ವಿಚಾರಿಸಿ ತಿಳಿದು, ಕಳಿಸುವವರನ್ನು ಮೊದಲೇ ತಡೆಯುವುದು. ರೆಮೆಯ್ ನಿಟ್ಟುಸಿರಿಟ್ಟು ಸೌಟು ಕೊಟ್ಟಳು.

ಕಾವಲುಗಾರ ಕೆಲಸಕ್ಕಿಳಿದ. ಸ್ವಲ್ಪ ಹೊತ್ತಿನಲ್ಲೇ ಕಂಪ್ಯೂಟರ್ ತೆರೆಯ ಮೇಲಿನ ದಾರಿಗಳು, ಕಟ್ಟಿಕೊಂಡ ಗುರುತಾಗಿ, ಒಣಹಾಕಿದ ಮೆಣಸಿನಕಾಯಿಯಂತೆ ಕೆಂಪಾದವು.

"ಯಾರೋ ಏನೋ ಕಳಿಸ್ತಿದೀರಿ!" ನೆಸ್ತೋರ್ ಪಕ್ಕದ ಮೇಜಿನ ಪಾಸ್ಕುವಾಲನ ಬಳಿಗೆ ಓಡಿದ. "ಎಲ್ಲಿಗೆ ಕಳಿಸ್ತಿದೀಯ? ಎಷ್ಟು?"

"ಹೊಟ್ಟೆಗೆ ಆಮ್ಲೆಟ್ ಕಳಿಸ್ತಿದೀನಿ ಮಾರಾಯ. ಆ ದಾರಿಗೂ ನೀನೇ ಅಡ್ಡ."

ಒಬ್ಬೊಬ್ಬರನ್ನೂ ಕೇಳಿದ. ಮುಗಿಸಿ ಮತ್ತೆ ಮೊದಲಿಂದ ಕೇಳಿದ. ಎಲ್ಲರೂ ಬೇಸತ್ತು ತಂತಮ್ಮ ಕೆಲಸ ನಿಲ್ಲಿಸಿ, ಉತ್ತರ ಹೇಳಲು ಅವನ ಮೇಜಿನ ಮುಂದೆ ಸಾಲುಗಟ್ಟಿದರು. ಸಾಲು ಬಾಗಿಲು ದಾಟಿ ಓಣಿಗೆ ಹೋಯಿತು. ಕೆಂಪು ಮಾತ್ರ ಇಳಿಯಲಿಲ್ಲ.

ಅಷ್ಟರಲ್ಲಿ ಪರೀಕ್ಷಕಿ ದೋನ್ಯಾ ಕಸಿಲ್ದಾ ಬಂದರು. ಒಳಗೆ ಕಾಲಿಡಲು ಜಾಗವಿಲ್ಲ.

"ಕೊನೆಯವರು ಯಾರು?" ಎಂದರು, ರೊಟ್ಟಿಯಂಗಡಿಯ ಸಾಲಿನಲ್ಲಿ ಕೇಳುವ ಹಾಗೆ.

"ನಾನೇ ತಾಯಿ" ಎಂದ ಪಾಸ್ಕುವಾಲ್. "ಕೆಲಸ ಯಾಕೆ ಸಾಗ್ತಿಲ್ಲ ಅಂತ ಇವನು ವಿಚಾರಿಸ್ತಿದಾನೆ. ಅದಕ್ಕೇ ಯಾರ ಕೆಲಸಾನೂ ಸಾಗ್ತಿಲ್ಲ."

ಆಕೆ ತಾಳ್ಮೆಯಿಂದ ನಿಂತು, ತಮ್ಮ ಪಾಳಿ ಬಂದಾಗ ತೆರೆ ನೋಡಿದರು. "ಎಲ್ಲರೂ ನಿಲ್ಲಿಸಿದಾರೆ. ಹಾಗಾದ್ರೆ ಈ ಓಲೆಗಳು ಯಾರದ್ದಪ್ಪ?"

ನೆಸ್ತೋರನಿಗೂ ಕುತೂಹಲ. ಒಂದನ್ನು ಬಿಚ್ಚಿದ. 'ನಿನ್ನಲ್ಲಿ ದಟ್ಟಣೆ ಇದೆಯೇ?' ಎಂದಿತ್ತು. ಇನ್ನೊಂದರಲ್ಲಿ 'ಇದೆ, ನಿನ್ನ ಪ್ರಶ್ನೆಗಳದ್ದೇ.' ಸಾವಿರಾರು ಉತ್ತರಗಳು ಕಾವಲುಗಾರನ ಬಾಗಿಲಲ್ಲೇ ಸಾಲು ನಿಂತಿದ್ದವು.

ಬೆವರುತ್ತ ಅವನು ಕಾವಲುಗಾರನನ್ನು ನಿಲ್ಲಿಸಲು ಹೋದ.

"ನಿಲ್ಲಿಸಬೇಡಿ!" ದೋನ್ಯಾ ಕಸಿಲ್ದಾರ ಕಣ್ಣು ಅರಳಿತು. "ಇಷ್ಟು ಸೊಗಸಾದ ದಟ್ಟಣೆಯನ್ನ ನಾನು ಎಲ್ಲೂ ಕಂಡಿಲ್ಲ. ಪರೀಕ್ಷೆಗೆ ಇದೇ ಸರಿ. ಈಗ ಇದನ್ನ ಬಿಡಿಸೋರು ಯಾರಿದೀರಿ?"

ಹೊರಗೆ ಗಾಳಿ ಕಿಟಕಿ ಬಡಿಯುತ್ತಿತ್ತು.

ನೆಸ್ತೋರ್ ಸೌಟು ಎತ್ತಿಕೊಂಡ. ಸಾಲಿನ ನಡುವೆ ದಾರಿ ಬಿಡಿಸಿಕೊಂಡು ರೆಮೆಯ್‌ಳ ಬಳಿಗೆ ಹೋಗಿ, ಹಿಡಿ ಅವಳ ಕಡೆ ಬರುವಂತೆ ತಿರುಗಿಸಿ, ಅವಳ ಕೈಗೆ ಕೊಟ್ಟ.